ಆಚೆಪೇಟೆಯ ಬಿಸುಪು

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡಿ ಬಂದ ಮರುದಿನ ಮನೆಮಂದಿಯೆಲ್ಲ ಸೇರಿ ಬಿಸುಪು ಹುಡುಕುತ್ತೇವೆ. ಬದುಕಿದ್ದಾಗ ಅವರ ಕೈ ಯಾವುದರ ಮೇಲೆ ಹೆಚ್ಚು ಆಡಿತ್ತೋ ಆ ಸಾಮಾನು ಬೆಚ್ಚಗಾಗಿ ಕೂತಿರುತ್ತದೆ, ಮುಂದೆಂದೂ ಆರುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿ, ಒಲೆ ಆರಿಸಿ, ಮಗುವಿನ ಜ್ವರ ನೋಡುವ ಹಾಗೆ ಕೈ ಮಗುಚಿ ಒಂದೊಂದನ್ನೇ ಮುಟ್ಟುತ್ತ ಹೋಗಬೇಕು. ಅವಸರ ಮಾಡುವ ಹಾಗಿಲ್ಲ. ಬಿಸಿಲಿಗೆ ಕಾದ ತಾಮ್ರದ ತಂಬಿಗೆಯನ್ನೇ ಅಜ್ಜನೆಂದು ತಿಳಿದು ಜಗಲಿಯ ಮೇಲಿಟ್ಟು ಊದಿನಕಡ್ಡಿ ಹಚ್ಚಿ, ಸಂಜೆ ಅದು ಆರಿಹೋದಾಗ ಪೇಚಿಗೆ ಬಿದ್ದ ಮನೆತನ ನಮ್ಮ ಓಣಿಯಲ್ಲೇ ಇದೆ. ಅವರನ್ನು ಇವತ್ತಿಗೂ ತಂಬಿಗೆಯವರು ಎಂದೇ ಕರೆಯುತ್ತೇವೆ.

ಬಿಸುಪಿಗೆ ಮುಖ ನೋಡಿ ಮಣೆ ಹಾಕುವ ಚಾಳಿಯಿಲ್ಲ. ಹೆಡ್‌ಮಾಸ್ತರರದು ಪುಸ್ತಕದಲ್ಲಿ ಸಿಗದೆ ಬೆತ್ತದಲ್ಲಿ ಸಿಕ್ಕಿತು. ದೊಡ್ಡ ಗುಡಿಯ ಪೂಜಾರಿಯದು ಗಂಟೆಯಲ್ಲಿ ಸಿಗದೆ ಇಸ್ಪೀಟು ಎಲೆಯ ಕಟ್ಟಿನಲ್ಲಿ ಸಿಕ್ಕಿತು; ಮನೆಯವರು ಮುಚ್ಚಿಡಲು ನೋಡಿದರು, ಆದರೆ ಹೊತ್ತು ಮುಳುಗುವುದರೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಮನೆಗಳಲ್ಲಿ ಹೀಗೆ ಬೆಚ್ಚಗಿನ ಸಾಮಾನುಗಳಿದ್ದರೆ ಅನುಕೂಲವೂ ಉಂಟು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲನ್ನು ಮುತ್ತಜ್ಜಿಯ ಸೌಟಿನ ಪಕ್ಕ ಇಟ್ಟರೆ ಮೊಸರು ಕಲ್ಲಿನಂತೆ ಗಟ್ಟಿ. ನನ್ನ ಗೆಳತಿಯ ಮನೆಯಲ್ಲಿ ಮಕ್ಕಳಿಗೆ ಹೊಟ್ಟೆ ನೋವು ಬಂದರೆ ಅಜ್ಜ ಅಡಿಕೆ ಕತ್ತರಿಸುತ್ತಿದ್ದ ಅಡಕೊತ್ತನ್ನು ಬಟ್ಟೆಯಲ್ಲಿ ಸುತ್ತಿ ಹೊಕ್ಕಳ ಮೇಲೆ ಇಡುತ್ತಿದ್ದರು.

ಇನ್ನೊಂದು ಪದ್ಧತಿ ಹೇಳಬೇಕು. ಬದುಕಿದ್ದಾಗ ಬಗೆಹರಿಯದ ವಿಷಯವನ್ನು ಸಾಯುವವರು ಬಿಸುಪಿಗೆ ಬಿಡಬಹುದು. ‘ನನ್ನ ಬಿಸುಪು ಹಿರೇಮಗನ ಮನ್ಯಾಗ ಸಿಕ್ಕರ ಬಾವಿ ಹಿರೇಮಗಗ, ಸಣ್ಣವನ ಮನ್ಯಾಗ ಸಿಕ್ಕರ ಸಣ್ಣವಗ’ ಎಂದು ಮುದುಕಿಯೊಬ್ಬಳು ಹೇಳಿ ಸತ್ತರೆ ಮುಗಿಯಿತು, ಅಲ್ಲಿಗೆ ಜಗಳ ನಿಂತಿತು. ಬಿಸುಪಿಗೆ ಬಿಟ್ಟ ಮಾತನ್ನು ಮೀರಿದವರನ್ನು ನಾನು ಕಂಡಿಲ್ಲ, ಕೇಳಿಯೂ ಇಲ್ಲ. ಆರದ ಬಿಸುಪಿಗೂ ಒಂದು ಎಲ್ಲೆ ಉಂಟು, ಊರಂಚಿನ ಕರಿಹಳ್ಳ. ಅದರ ಸೇತುವೆ ದಾಟಿದರೆ ಬಿಸುಪು ಆರುತ್ತದೆ, ತಿರುಗಿ ತಂದರೂ ಕಾಯುವುದಿಲ್ಲ. ಮದುವೆಯಾಗಿ ಹೊರಟ ಹುಡುಗಿಯೊಬ್ಬಳು ಅಪ್ಪನ ಕೊಡೆಯನ್ನು ಎದೆಗವಚಿಕೊಂಡು ಒಯ್ದು, ಸೇತುವೆಯ ಆಚೆ ಅದು ತಣ್ಣಗಾದದ್ದು ತಿಳಿದು ಗಾಡಿಯಿಂದ ಹಾರಿ ಓಡಿಬಂದದ್ದನ್ನು ನಾನೇ ನೋಡಿದ್ದೇನೆ. ಕೊಡೆ ಬರಿಯ ಕೊಡೆಯಾಗಿತ್ತು.

ನನ್ನವ್ವ ನಾನು ಹಾಲುಹಲ್ಲು ಬಿಡುವ ಮೊದಲೇ ತೀರಿಹೋದಳು. ಅವಳ ಬಿಸುಪು ರೊಟ್ಟಿ ಬಡಿಯುವ ಹಲಗೆಯಲ್ಲಿ ಸಿಕ್ಕಿತಂತೆ. ಅವಳ ತಂಗಿ ನೀಲಗಂಗಾ, ನನ್ನ ಚಿಗವ್ವ, ದೂರದ ಶಹರದಲ್ಲಿ ಶಿಲ್ಪಕಲೆ ಕಲಿಯುತ್ತಿದ್ದವಳು ಅಕ್ಕನ ಮಣ್ಣಿಗೆ ಬಂದಳು. ಕೂಸು ಸ್ವಲ್ಪ ದೊಡ್ಡದಾಗುವ ತನಕ ಇರುತ್ತೇನೆ ಎಂದಳು. ನಾನು ದೊಡ್ಡವಳಾದೆ, ಮದುವೆಯಾಗಿ ಅದೇ ಓಣಿಯ ಕೊನೆಯ ಮನೆ ಸೇರಿದೆ, ನನಗೇ ಮಕ್ಕಳಾದವು. ಚಿಗವ್ವ ಹೋಗಲೇ ಇಲ್ಲ. ಅವಳು ಅವ್ವನ ಹಲಗೆಯ ಮೇಲೆ ರೊಟ್ಟಿ ಬಡಿಯುವಾಗ ‘ಅಕ್ಕಾ, ಸ್ವಲ್ಪ ಸರಕೋ, ಕೈ ಸುಡತೈತಿ’ ಎನ್ನುತ್ತಿದ್ದದ್ದು ನನಗೆ ನೆನಪಿರುವ ಮೊದಲ ಮಾತು.

ಆಚೆಪೇಟೆ ಶುರುವಾದದ್ದು ನನ್ನಿಂದ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವನ ಕಾಯಿಲೆಯ ಕಾಲದ ಮಾತ್ರೆಗಳ ಖಾಲಿ ಪಟ್ಟಿಗಳು ಗೂಡಿನಲ್ಲಿ ಉಳಿದಿದ್ದವು. ಒಂದು ದಿನ ನಾನು ಅವ್ವ ಬೇಕೆಂದು ಹಟ ಹಿಡಿದು ಅಳುತ್ತಿದ್ದಾಗ ಚಿಗವ್ವ ಆ ಪಟ್ಟಿಗಳನ್ನು ಮಡಚಿ, ತಂತಿ ಪೋಣಿಸಿ, ಅಂಗಿಯ ಗುಂಡಿಗಳನ್ನು ಗಾಲಿ ಮಾಡಿ ಒಂದು ಬಸ್ಸು ಕಟ್ಟಿದಳು. ಮಾತ್ರೆಯ ಒಂದೊಂದು ಗುಳಿಯೂ ಒಂದೊಂದು ಕಿಟಕಿ. ಅಳು ನಿಲ್ಲಿಸಿ ಕೇಳಿದೆ:

“ಈ ಬಸ್ಸು ಎಲ್ಲಿಗ್ ಹೋಗತೈತಿ?”

“ಆಚೆಪೇಟಿಗೆ.”

“ಅಲ್ಲಿ ಏನೈತಿ?”

“ಇನ್ನೂ ಏನೂ ಇಲ್ಲ. ಏನಿರಬೇಕು ಹೇಳು?”

ನದಿ ಬೇಕೆಂದೆ. ಆಸ್ಪತ್ರೆಯಿಂದ ಹಳೆಯ ಎಕ್ಸ್‌ರೇ ಹಾಳೆಗಳು ಬಂದವು, ನೀಲಿಗಪ್ಪು ನದಿ ಹರಿಯಿತು, ಅದರೊಳಗೆ ಯಾರದೋ ಪಕ್ಕೆಲುಬುಗಳು ಮೀನಿನ ಹಾಗೆ ಕಾಣುತ್ತಿದ್ದವು. ಗುಡ್ಡ ಬೇಕೆಂದೆ. ಪಂಕ್ಚರಾದ ಸೈಕಲ್ ಟ್ಯೂಬುಗಳು ಒಂದರ ಮೇಲೊಂದು ಏರಿದವು. ಮನೆಯ ಪಡಸಾಲೆ ಸಾಲದಾದಾಗ ಅಪ್ಪ ಗೊಣಗುತ್ತಲೇ ಹೋಗಿ, ಮುಚ್ಚಿಹೋಗಿದ್ದ ಜಿನ್ನಿಂಗ್ ಫ್ಯಾಕ್ಟರಿಯ ಗೋದಾಮಿನ ಕೀಲಿ ಕೇಳಿ ತಂದ. ಹತ್ತಿಯ ನಾರು ಇನ್ನೂ ತೊಲೆಗಳಿಗೆ ಅಂಟಿಕೊಂಡಿದ್ದ ಆ ಗೋದಾಮಿನಲ್ಲಿ ಚಿಗವ್ವ ಉಳಿದ ಆಯುಷ್ಯವನ್ನೆಲ್ಲ ಕಳೆದಳು. ಅವಳ ಜೊತೆ ಓದಿದವರು ಕಲ್ಲಿನಲ್ಲಿ, ಕಂಚಿನಲ್ಲಿ ಕೆಲಸ ಮಾಡಿ ಹೆಸರು ಮಾಡಿದ್ದರು. ಪೇಪರಿನಲ್ಲಿ ಅವರ ಫೋಟೋ ಬಂದರೆ ಅಪ್ಪ ತೋರಿಸುತ್ತಿದ್ದ. ಚಿಗವ್ವ ಕನ್ನಡಕ ಏರಿಸಿ ನೋಡಿ, ‘ಚಲೋ ಆಗೇತಿ’ ಎಂದು ಪೇಪರು ಮಡಚಿ, ಅಂಟು ಕಲಸಲು ಅದನ್ನೇ ಹಾಸಿಕೊಳ್ಳುತ್ತಿದ್ದಳು. ಅವಳಿಗೆ ನೋವಾಗುತ್ತಿತ್ತು. ಬಲ್ಲವರೊಬ್ಬರು ಬಂದು ತನ್ನ ಕೆಲಸ ನೋಡಬೇಕು ಎಂಬ ಆಸೆ ಅವಳಿಗೆ ಕೊನೆಯ ತನಕ ಇತ್ತು.

ಊರಿನವರು ನೋಡಲು ಬರುತ್ತಿದ್ದರು, ಆದರೆ ಅವರ ನೋಟವೇ ಬೇರೆ. ‘ನೀಲಗಂಗಕ್ಕಾ, ಈ ಚಕ್ರ ನಮ್ಮ ಹೊಲಿಗಿ ಮಿಶನ್ನಿಂದಲ್ಲ?’ ಎಂದು ಒಬ್ಬರು, ‘ಇಷ್ಟ್ ಕಸಾ ಕೂಡಿಸೂ ಬದಲು ಒಂದು ಹಪ್ಪಳದ ಅಂಗಡಿ ಹಾಕಿದ್ರ’ ಎಂದು ಇನ್ನೊಬ್ಬರು. ಅವಳು ಎಲ್ಲರಿಗೂ ಚಹಾ ಕೊಟ್ಟು ಕಳಿಸುತ್ತಿದ್ದಳು.

ಬೆಚ್ಚಗಿನ ಸಾಮಾನನ್ನು ಮೊದಲು ತಂದವಳು ನಮ್ಮ ಎದುರು ಮನೆಯ ತಾರಾಬಾಯಿ. ತಾರಾಬಾಯಿಯ ಗಂಡ ಗಣಪತರಾಯರಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರು ತೀರಿಕೊಂಡಾಗ ಮನೆಯನ್ನೆಲ್ಲ ತಡಕಿದರೂ ಬಿಸುಪು ಸಿಕ್ಕಿರಲಿಲ್ಲ. ಬಿಸುಪು ಸಿಗದವರ ಬಗ್ಗೆ ಊರು ಒಳ್ಳೆಯ ಮಾತಾಡುವುದಿಲ್ಲ. ಯಾವುದರ ಮೇಲೂ ಮನಸ್ಸಿರಲಿಲ್ಲ, ಆ ಮನೆ ಅವರಿಗೆ ಮನೆಯೇ ಆಗಿರಲಿಲ್ಲ ಎಂದು ಹೆಂಗಸರು ನೀರಿನ ನಲ್ಲಿಯ ಹತ್ತಿರ ಆಡಿಕೊಳ್ಳುತ್ತಿದ್ದರು. ತಾರಾಬಾಯಿ ಅದನ್ನು ನುಂಗಿಕೊಂಡು ಬಾಳಿದ ಹೆಂಗಸು. ಅವಳು ಸೆರಗಿನಲ್ಲಿ ಒಂದು ಕನ್ನಡಕದ ಡಬ್ಬಿ ಕಟ್ಟಿಕೊಂಡು ಗೋದಾಮಿಗೆ ಬಂದಳು.

“ಇದು ಯಾರ್ದು ಅಂತ ನಮ್ಮನ್ಯಾಗ ಯಾರಿಗೂ ಗೊತ್ತಿಲ್ಲವಾ. ನಮ್ಮತ್ತೀಗೂ ಗೊತ್ತಿರಲಿಲ್ಲ. ಬೆಚ್ಚಗ ಕುಂತೈತಿ. ಒಗೀಲಿಕ್ಕೆ ಜೀವ ಒಲ್ದು, ಇಟಗೊಳ್ಳಾಕ ಜಾಗಿಲ್ಲ. ನಿನ್ನ ಪ್ಯಾಟ್ಯಾಗ ಒಂದಿಷ್ಟು ಜಾಗಾ ಕೊಡ್ತೀ ಏನ?”

ಚಿಗವ್ವ ಆ ಡಬ್ಬಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಳು. ಆಮೇಲೆ ಅದಕ್ಕೆ ಚಮಚದ ಕಾಲು, ಬಲ್ಬಿನ ತಲೆ ಹಚ್ಚಿ ಆಚೆಪೇಟೆಯ ಸ್ಟೇಷನ್ ಮಾಸ್ತರನನ್ನಾಗಿ ಮಾಡಿದಳು. ಅಲ್ಲಿಂದ ಊರಿಗೆ ದಾರಿ ಸಿಕ್ಕಿದಂತಾಯಿತು. ಒಂದೊಂದು ಮನೆಯಲ್ಲೂ ಹೆಸರು ಮರೆತುಹೋದ ಹಿರಿಯರ ಬಿಸುಪು ಅಟ್ಟದ ಮೇಲೆ, ಕಪಾಟಿನ ಹಿಂದೆ ಬಿದ್ದಿತ್ತು. ಒನಕೆಯ ತುಂಡು, ಹುಕ್ಕಾದ ನಳಿಗೆ, ಪಗಡೆಯ ದಾಳ, ಒಂಟಿ ಚಪ್ಪಲಿ, ಯಾರೋ ಕೂಸಿನ ಗಿಲಕಿ ಎಲ್ಲ ಬಂದವು. ಗಿಲಕಿ ಬಂದ ದಿನ ಚಿಗವ್ವ ಊಟ ಮಾಡಲಿಲ್ಲ. ಅದನ್ನು ಆಚೆಪೇಟೆಯ ಸಾಲಿಯ ಗಂಟೆಯಾಗಿ ತೂಗುಹಾಕಿದಳು. ಹೊಸದಾಗಿ ಬಂದವರಿಗೆ ಅವಳೇ ಹೆಸರಿಡುತ್ತಿದ್ದಳು, ಕೆಲಸ ಕೊಡುತ್ತಿದ್ದಳು, ಒಮ್ಮೊಮ್ಮೆ ಮದುವೆಯನ್ನೂ ಮಾಡಿಸುತ್ತಿದ್ದಳು. ಒನಕೆಯಮ್ಮನಿಗೂ ಹುಕ್ಕಾ ಸಾಹೇಬರಿಗೂ ಮದುವೆ ನಡೆದಾಗ ನಾನೇ ಅಕ್ಕಿಕಾಳು ಹಾಕಿದವಳು. ಜಾತಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ತಕರಾರಿರಲಿಲ್ಲ.

ಈಗ ಕಣ್ಣು ಮುಚ್ಚಿದರೆ ಆ ಗೋದಾಮೇ ಕಾಣುತ್ತದೆ. ಸಾಲಿ ಬಿಟ್ಟ ಮೇಲೆ ಅಲ್ಲಿಗೆ ಓಡುತ್ತಿದ್ದೆ. ಮೇಲಿನ ಗಾಜಿನ ಹಂಚಿನಿಂದ ಬಿಸಿಲು ಎಕ್ಸ್‌ರೇ ನದಿಯ ಮೇಲೆ ಬೀಳುತ್ತಿತ್ತು. ಒಡೆದ ಬಳೆಗಳ ಓಣಿ, ಟೂತ್‌ಪೇಸ್ಟ್ ಟ್ಯೂಬಿನ ತಗಡಿನ ಮಾಳಿಗೆಗಳು, ಮುರಿದ ಕೊಡೆಕಡ್ಡಿಗಳ ಗಿಡಗಳು, ಟೈಪ್‌ರೈಟರಿನ ಅಕ್ಷರಗಳನ್ನು ಹರವಿಕೊಂಡು ಕೂತ ಕಾಯಿಪಲ್ಯದವರು. ಆಚೆಪೇಟೆಯ ಸಂತೆಯಲ್ಲಿ ಅಕ್ಷರ ಬಿಟ್ಟು ಬೇರೆ ಏನೂ ಮಾರುತ್ತಿರಲಿಲ್ಲ, ಏಕೆಂದರೆ ಅಲ್ಲಿಯವರಿಗೆ ಹಸಿವೆ ಇರಲಿಲ್ಲ, ಹರಟೆಗೆ ಮಾತು ಮಾತ್ರ ಬೇಕಿತ್ತು. ಚಳಿಯ ದಿನಗಳಲ್ಲಿ ಅಷ್ಟೂ ಬಿಸುಪು ಸೇರಿ ಗೋದಾಮು ಹಿತವಾಗಿ ಕಾದಿರುತ್ತಿತ್ತು. ನಾನು ನದಿಯ ದಂಡೆಯಲ್ಲಿ ಮಲಗಿ ಪಾಠ ಓದುತ್ತಿದ್ದೆ. ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಮಲಗಿಲ್ಲ.

ಚಿಗವ್ವನ ಕೂದಲು ಪೂರ್ತಿ ಬೆಳ್ಳಗಾದ ಮೇಲೆ ಅವಳ ಆಸೆ ಕೈಗೂಡಿತು. ಶಹರದ ದೊಡ್ಡ ಮ್ಯೂಸಿಯಮ್ಮಿನಿಂದ ಮೃಣಾಲಿನಿ ಎಂಬ ಹೆಣ್ಣುಮಗಳು ಬಂದಳು. ಯಾರ ಮೊಬೈಲಿನಲ್ಲೋ ಆಚೆಪೇಟೆಯ ಫೋಟೋ ನೋಡಿದ್ದಳಂತೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಳು, ಅದು ನನಗೆ ಹಿಡಿಸಿತು. ಬೆಳಗಿನಿಂದ ಸಂಜೆಯ ತನಕ ಮೊಣಕಾಲೂರಿ ಒಂದೊಂದನ್ನೇ ನೋಡಿದಳು. ಕೊನೆಗೆ ಕೇಳಿದ್ದು ಊರಿನವರು ಯಾರೂ ಎಂದೂ ಕೇಳದ ಪ್ರಶ್ನೆ.

“ಅಮ್ಮ, ಈ ಊರಲ್ಲಿ ಸ್ಮಶಾನ ಇಲ್ಲವಲ್ಲ?”

“ಇಲ್ಲವಾ. ಇದ್ದೋರೆಲ್ಲಾ ಒಮ್ಮೆ ಸತ್ತೋರs. ಮತ್ತೊಮ್ಮೆ ಯಾಕ ಸಾಯಿಸ್ಲಿ?” ಎಂದು ಚಿಗವ್ವ ನಕ್ಕಳು. ಅವಳು ಹಾಗೆ ಹಿಗ್ಗಿ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಒಬ್ಬರಾದರೂ ತಿಳಿದುಕೊಂಡರಲ್ಲ ಎಂಬ ಸಮಾಧಾನ ಅವಳ ಮುಖದ ತುಂಬ ಇತ್ತು.

ಮೃಣಾಲಿನಿಯ ಬೇಡಿಕೆ ನೇರವಾಗಿತ್ತು. ಆಚೆಪೇಟೆಯನ್ನು ಇದ್ದ ಹಾಗೆಯೇ ಬಿಚ್ಚಿ ಒಯ್ದು, ಶಹರದಲ್ಲಿ ಅದಕ್ಕೆಂದೇ ಕಟ್ಟಿದ ಹಾಲಿನಲ್ಲಿ ಶಾಶ್ವತವಾಗಿ ಇಡುತ್ತಾರೆ. ಇಲ್ಲಿ ಗೋದಾಮಿನ ತೊಲೆಗಳು ಗೆದ್ದಲು ಹಿಡಿದಿವೆ, ಇನ್ನು ಬಹಳ ಮಳೆಗಾಲ ತಡೆಯುವುದಿಲ್ಲ ಎಂದು ಅವಳು ಹೇಳಿದ್ದು ನಿಜವೇ ಆಗಿತ್ತು. ಆದರೆ ಸೇತುವೆ ದಾಟಿದರೆ ಬಿಸುಪೆಲ್ಲ ಆರಿಹೋಗುತ್ತದೆ. ಅದನ್ನು ಅವಳಿಗೆ ವಿವರಿಸಿದೆವು. ಪಾಪ, ನಂಬಿದಳು. ಬೆಚ್ಚಗಿನವನ್ನು ಇಲ್ಲೇ ತೆಗೆದಿಟ್ಟು ಉಳಿದದ್ದನ್ನು ಒಯ್ಯಬಹುದೇ ಎಂದು ಕೇಳಿದಳು. ಆಗುತ್ತಿರಲಿಲ್ಲ, ಕನ್ನಡಕದ ಡಬ್ಬಿ ಬಂದ ಮೇಲೆ ಚಿಗವ್ವ ಎಲ್ಲವನ್ನೂ ಬೆಚ್ಚಗಿನದರ ಸುತ್ತಲೇ ಕಟ್ಟಿದ್ದಳು, ಅದನ್ನು ಕಿತ್ತರೆ ಉಳಿಯುವುದು ಅವಳೇ ಹೇಳಿದಂತೆ ಗುಜರಿ.

ಊರಿನವರು ಯಾರೂ ತಕರಾರು ಮಾಡಲಿಲ್ಲ. ವಾರಸುದಾರರಿಲ್ಲದ ಬಿಸುಪು, ಒಯ್ಯಲಿ ಬಿಡು ಎಂದರು. ನಾನೊಬ್ಬಳೇ ಬೇಡವೆಂದು ಹಟ ಹಿಡಿದೆ. ಚಿಗವ್ವನ ಜೊತೆ ಜೀವಮಾನದಲ್ಲೇ ಮಾಡದ ಜಗಳ ಆಗ ಮಾಡಿದೆ.

“ಅವರಿಗೆ ಒಮ್ಮೆ ಮನಿ ಕೊಟ್ಟು ಈಗ ತಣ್ಣಗ ಮಾಡ್ತೀ? ಆ ಕೂಸಿನ ಗಿಲಕಿ ತಣ್ಣಗಾಗೂದು ನಿನಗ ಚಂದನಾ?” ಎಂದೆ.

“ನನಗ ತಿಳೀವಲ್ದು ದಾಕ್ಷಿ,” ಎಂದಳು. “ಇಲ್ಲೇ ಇದ್ದರ ಬೆಚ್ಚಗ ಇದ್ದು ಮಣ್ಣಾಗ ಹೋಗತಾರ. ಅಲ್ಲಿಗೆ ಹೋದರ ತಣ್ಣಗ ಇದ್ದು ನಾಕು ಮಂದಿ ಕಣ್ಣಾಗ ಇರತಾರ. ಯಾವುದು ಚಲೋ? ನನ್ನ ಆಸೀನೂ ನಡುವ ಬಂದು ಕುಂತೈತಿ, ಅದಕ್ಕ ನನ್ನ ತೀರ್ಮಾನ ಮ್ಯಾಲ ನನಗs ನಂಬಿಗಿ ಇಲ್ಲ.”

ಆಮೇಲೆ ಒಂದು ಬೆಳಿಗ್ಗೆ ಅಪ್ಪನನ್ನೂ ನನ್ನನ್ನೂ ತಾರಾಬಾಯಿಯನ್ನೂ ಕೂರಿಸಿಕೊಂಡು ವಿಷಯವನ್ನು ಬಿಸುಪಿಗೆ ಬಿಟ್ಟಳು. ಅವಳ ಬಿಸುಪು ಆಚೆಪೇಟೆಯ ಒಳಗೆ ಸಿಕ್ಕರೆ ಅದು ಇಲ್ಲೇ ಉಳಿಯಬೇಕು, ಬಿದ್ದರೆ ಇಲ್ಲೇ ಬೀಳಬೇಕು. ಹೊರಗೆ ಸಿಕ್ಕರೆ ಅವಳ ಜೀವ ಅದನ್ನು ಬಿಟ್ಟುಕೊಟ್ಟಿದೆ ಎಂದು ತಿಳಿದು ಮೃಣಾಲಿನಿಗೆ ಒಪ್ಪಿಸಬೇಕು. ನನಗೆ ಒಳಗೊಳಗೇ ಹಿಗ್ಗಾಯಿತು. ಜೀವಮಾನವೆಲ್ಲ ಆ ಗೋದಾಮಿನಲ್ಲಿ ಕೈ ಸವೆಸಿದವಳ ಬಿಸುಪು ಇನ್ನೆಲ್ಲಿ ಕೂರಲು ಸಾಧ್ಯ! ಅಪ್ಪ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತ, “ಯಾರದು ಎಲ್ಲಿ ಕುಂದರತೈತಿ ಅಂತ ಯಾರಿಗ್ ಗೊತ್ತು,” ಎಂದ.

ಅದೇ ಬೇಸಗೆಯಲ್ಲಿ, ಆಚೆಪೇಟೆಯ ಸಾಲಿಯ ಮಾಳಿಗೆಗೆ ಹೊಸ ತಗಡು ಹಚ್ಚುತ್ತಿದ್ದವಳು ಅಲ್ಲೇ ಗೋಡೆಗೊರಗಿ ಕೂತು ಹೋಗಿಬಿಟ್ಟಳು. ಊಟಕ್ಕೆ ಕರೆಯಲು ಹೋದ ನನಗೆ ಅವಳು ಕಣ್ಣು ಮುಚ್ಚಿ ಯೋಚಿಸುತ್ತಿದ್ದಾಳೆ ಅನ್ನಿಸಿತು. ಅವಳು ಯೋಚಿಸುವಾಗ ಹಾಗೆಯೇ ಕೂರುತ್ತಿದ್ದಳು. ನಾನು ಸ್ವಲ್ಪ ಹೊತ್ತು ಸದ್ದು ಮಾಡದೆ ಕಾದೆ.

ಮಣ್ಣು ಮಾಡಿ ಬಂದ ಮರುದಿನ ಓಣಿಗೆ ಓಣಿಯೇ ಗೋದಾಮಿಗೆ ಬಂತು. ಮೃಣಾಲಿನಿಯೂ ಬಂದಿದ್ದಳು. ಅದಕ್ಕೂ ಮೊದಲು ಪದ್ಧತಿಯಂತೆ ಮನೆ ನೋಡಿದ್ದೆವು. ಅವ್ವನ ಹಲಗೆ ಬಿಟ್ಟರೆ ಎಲ್ಲ ತಣ್ಣಗೆ. ಇಕ್ಕಳ, ಕತ್ತರಿ, ಅಂಟಿನ ಡಬ್ಬಿ, ಕನ್ನಡಕ ಎಲ್ಲ ತಣ್ಣಗೆ. ಸರಿ, ಒಳಗೇ ಇದೆ ಎಂದುಕೊಂಡು ಆಚೆಪೇಟೆಯನ್ನು ಮುಟ್ಟುತ್ತ ಹೋದೆವು. ತೊಂದರೆಯೆಂದರೆ ಅಲ್ಲಿ ಎಲ್ಲೆಲ್ಲೂ ಬೆಚ್ಚಗೆ. ಯಾವುದು ಯಾರದೆಂದು ನೆನಪಿದ್ದವಳು ನಾನೊಬ್ಬಳೇ. ಸ್ಟೇಷನ್ ಮಾಸ್ತರ್ ತಾರಾಬಾಯಿಯ ಮನೆತನದ ಹಿರಿಯರು, ಒನಕೆಯಮ್ಮ ಮೇಲಿನ ಓಣಿಯವಳು, ಈ ದಾಳ ತಂಬಿಗೆಯವರದು ಎಂದು ನಾನು ಹೇಳುತ್ತ ಹೋದ ಹಾಗೆ ಜನ ಕೈ ತೆಗೆಯುತ್ತಿದ್ದರು. ಹಾಗೆ ಕೈ ತೆಗೆಯುವಾಗ ಕೆಲವರು ಒಂದು ಗಳಿಗೆ ತಡೆದದ್ದನ್ನು ನಾನು ನೋಡಿದೆ. ಅಟ್ಟದ ಮೇಲೆ ಬಿದ್ದಿದ್ದಾಗ ಯಾರೂ ಮುಟ್ಟದೆ ಇದ್ದವರನ್ನು ಅವತ್ತು ಎಲ್ಲರೂ ಮುಟ್ಟಿದರು. ಸಂಜೆಯ ಹೊತ್ತಿಗೆ ಹಳೆಯ ಬಿಸುಪುಗಳೆಲ್ಲ ಲೆಕ್ಕಕ್ಕೆ ಸಿಕ್ಕವು, ಹೊಸದೊಂದೂ ಇರಲಿಲ್ಲ. ಮಾತ್ರೆಯ ಬಸ್ಸು ಕೂಡ ತಣ್ಣಗಿತ್ತು.

ನಾನು ನದಿಯ ದಂಡೆಯಲ್ಲಿ ಕೂತುಬಿಟ್ಟೆ. ಚಿಗವ್ವನಂಥವಳ ಬಿಸುಪು ಸಿಗಲಿಲ್ಲವೆಂದರೆ ನಾಳೆಯಿಂದ ನಲ್ಲಿಯ ಹತ್ತಿರ ಏನು ಮಾತಾಡುತ್ತಾರೆಂದು ನನಗೆ ಗೊತ್ತಿತ್ತು. ನಮಗಾಗಿ ಬಂದವಳು, ಇಲ್ಲಿ ಯಾವುದನ್ನೂ ತನ್ನದೆಂದುಕೊಳ್ಳಲಿಲ್ಲ ಎನ್ನುತ್ತಾರೆ. ಅದು ನಿಜವಿದ್ದರೆ ಎಂಬ ಹೆದರಿಕೆ ನನ್ನನ್ನು ಹಿಂಡಿತು. ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಕೋಲೂರಿಕೊಂಡು ಬಂದು ಸಮಾಧಾನ ಮಾಡಲೆಂದು ನನ್ನ ತಲೆಯ ಮೇಲೆ ಕೈಯಿಟ್ಟ. ಇಟ್ಟವನೇ ಹಿಂದಕ್ಕೆ ತೆಗೆದುಕೊಂಡ.

“ದಾಕ್ಷಿ, ನಿನಗ ಜ್ವರ ಅದಾವೇನ?”

“ಇಲ್ಲಪ್ಪಾ.”

ಕೈ ಮಗುಚಿ ಹಣೆ ಮುಟ್ಟಿದ. ತಣ್ಣಗಿತ್ತು. ಕುತ್ತಿಗೆ ಮುಟ್ಟಿದ, ತಣ್ಣಗಿತ್ತು. ಮತ್ತೆ ನೆತ್ತಿ ಮುಟ್ಟಿದ. ಅಲ್ಲಿಂದ ಜಡೆಯ ಬುಡದ ತನಕ ಮೆಲ್ಲಗೆ ಕೈ ಆಡಿಸಿ, “ಬಾರs ತಾರಾಬಾಯಿ, ನೀನೂ ನೋಡು” ಎಂದು ಕರೆದ. ನಾನೂ ಕೈಯಿಟ್ಟು ನೋಡಿಕೊಂಡೆ. ಬೆಳಗಿನಿಂದ ನೂರಾರು ಬಿಸುಪು ಮುಟ್ಟಿದ ಕೈಗೆ ತಪ್ಪು ತಿಳಿಯುವಂತಿರಲಿಲ್ಲ.

ಪ್ರತಿದಿನ ಬೆಳಿಗ್ಗೆ ಎಣ್ಣೆ ಹಚ್ಚಿ, ಬಾಚಿ, ಜಡೆ ಹೆಣೆದವಳು ಅವಳು. ಮದುವೆಯಾದ ಮೇಲೂ ಬಿಡಲಿಲ್ಲ. ಗೋದಾಮಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದು, ‘ನಿನ್ನ ಅತ್ತೀಗೆ ಜಡಿ ಹಾಕಾಕ ಬರೂದಿಲ್ಲ’ ಎಂದು ಅತ್ತೆಗೂ ಕೇಳುವ ಹಾಗೆ ಅಂದು ನನ್ನನ್ನು ಕಟ್ಟೆಯ ಮೇಲೆ ಕೂರಿಸುತ್ತಿದ್ದಳು. ನನ್ನ ಕೂದಲು ಹಣ್ಣಾದ ಮೇಲೂ ಕೂರಿಸಿದಳು. ಇಕ್ಕಳ ಹಿಡಿದದ್ದಕ್ಕಿಂತ, ತಂತಿ ಬಗ್ಗಿಸಿದ್ದಕ್ಕಿಂತ ಹೆಚ್ಚು ಅವಳ ಕೈ ಆಡಿದ್ದು ನನ್ನ ತಲೆಯ ಮೇಲೆ. ಅದು ನನಗೆ ಹೊಳೆದೇ ಇರಲಿಲ್ಲ. ಅವಳು ನಮಗಾಗಿ ತನ್ನ ಬದುಕು ಬಿಟ್ಟುಬಂದಳು ಎಂಬ ಭಾರ ಹೊತ್ತುಕೊಂಡೇ ಬೆಳೆದವಳು ನಾನು. ಅವಳ ಬದುಕೇ ನಾನಾಗಿದ್ದೆ ಎಂಬುದು ಅವತ್ತು ತಿಳಿಯಿತು.

ನಮ್ಮೂರಿನಲ್ಲಿ ಎಂದೂ ಹೀಗಾಗಿರಲಿಲ್ಲ. ಆಗಿರಲಿಲ್ಲವೋ, ಯಾರೂ ನೋಡಿರಲಿಲ್ಲವೋ. ಕೊಡ ಕೊಡಪಾನವನ್ನೆಲ್ಲ ಮುಟ್ಟುವ ನಾವು ಬದುಕಿರುವ ಮನುಷ್ಯರನ್ನು ಮುಟ್ಟಿ ನೋಡಿರಲಿಲ್ಲ. ಗೋದಾಮಿನಲ್ಲಿ ಗುಜುಗುಜು ಎದ್ದಿತು. ತಾರಾಬಾಯಿ ತನ್ನ ಎಡ ಹೆಗಲಿನ ಸೆರಗು ಸರಿಸಿ, “ದಾಕ್ಷಿ, ಒಂಚೂರು ಮುಟ್ಟಿ ನೋಡವಾ” ಎಂದಳು. ಆ ಹೆಗಲ ಮೇಲೆ ಕೈಯಿಟ್ಟುಕೊಂಡೇ ಗಣಪತರಾಯರು ಪೇಟೆಗೆ, ಗುಡಿಗೆ, ಬಚ್ಚಲಿಗೆ ಎಲ್ಲ ನಡೆಯುತ್ತಿದ್ದರು. ಅವರು ಹೋದಂದಿನಿಂದ ಅಲ್ಲಿ ಉರಿ ಎಂದು ಅವಳು ವಾಯುವಿನ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು, ವೈದ್ಯರನ್ನು ಬೈಯುತ್ತಿದ್ದಳು. ನಾನು ಮುಟ್ಟಿ ನೋಡಿ ತಲೆಯಾಡಿಸಿದೆ. “ಅಯ್ಯೋ ನನ್ನ ದೇವರೇ, ಎಷ್ಟು ಎಣ್ಣಿ ತಿಕ್ಕಿದ್ನಲ್ಲೋ ನಿನಗ!” ಎಂದು ಅವಳು ಅಳುತ್ತ ನಗುತ್ತ ಹೆಗಲನ್ನು ಸೆರಗಿನಿಂದ ಮುಚ್ಚಿಕೊಂಡಳು. ಆ ವಾರವಿಡೀ ಊರಿನಲ್ಲಿ ಗಂಡಸರು ಹೆಂಗಸರೆನ್ನದೆ ಒಬ್ಬರನ್ನೊಬ್ಬರು ಮುಟ್ಟಿ ನೋಡುತ್ತ ತಿರುಗಿದರು.

ಉಳಿದದ್ದು ಚಿಗವ್ವ ಬಿಸುಪಿಗೆ ಬಿಟ್ಟ ಮಾತು. ಅವಳ ಬಿಸುಪು ಒಳಗಿದೆಯೋ ಹೊರಗಿದೆಯೋ? ಊರು ಎರಡಾಯಿತು. ‘ಆಚೆಪೇಟಿ ಶುರುವಾಗಿದ್ದs ದಾಕ್ಷಿಯಿಂದ, ನದೀ ಕೇಳಿದಾಕಿ ಅಕಿ, ಅಂದಮ್ಯಾಲ ಅಕಿನೂ ಒಳಗಿನಾಕಿನs’ ಎಂದು ತಾರಾಬಾಯಿ ವಾದಿಸಿದಳು. ಬಿಸುಪು ಸಿಕ್ಕಾಗ ನಾನು ಗೋದಾಮಿನ ಒಳಗೇ ಕೂತಿದ್ದೆನಲ್ಲ ಎಂದೂ ಯಾರೋ ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೂಂ ಅಂದಿದ್ದರೆ ಆಚೆಪೇಟೆ ಉಳಿಯುತ್ತಿತ್ತು, ಬೆಚ್ಚಗೆ, ನನ್ನ ಮನೆಯಿಂದ ಕೂಗಳತೆಯಲ್ಲಿ. ನನಗೆ ಬೇಕಾದದ್ದೂ ಅದೇ. ಆದರೆ ಚಿಗವ್ವ ನನ್ನನ್ನು ಕಟ್ಟಿರಲಿಲ್ಲ, ಸಾಕಿದ್ದಳು. ಆ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತಿತ್ತು, ನನಗೂ ಗೊತ್ತಿತ್ತು.

“ನಾ ಹೊರಗಿನಾಕಿ,” ಎಂದೆ. “ಒಯ್ಯವಾ ಮೃಣಾಲಿನಿ.”

ಅಪ್ಪ ಕಣ್ಣೊರೆಸಿಕೊಂಡ. ಬಿಚ್ಚುವ ಕೆಲಸ ಶುರುವಾಗುವ ಮೊದಲು ಊರಿನವರು ಒಬ್ಬೊಬ್ಬರಾಗಿ ಬಂದು, ಮರೆತ ಹಿರಿಯರ ಪಕ್ಕ ಕೂತು ಹೋದರು. ಹೆಸರು ಗೊತ್ತಿಲ್ಲದ್ದರಿಂದ ಚಿಗವ್ವ ಇಟ್ಟ ಹೆಸರನ್ನೇ ಹಿಡಿದು ಮಾತಾಡಿಸಿದರು. ಗಿಲಕಿಯ ಹತ್ತಿರ ಹೆಂಗಸರ ಸಾಲು ಹತ್ತಿತ್ತು. ನಾನು ಮೃಣಾಲಿನಿಗೆ ಒಂದೇ ಒಂದು ಮಾತು ಹೇಳಿದೆ, ಮುಟ್ಟಬಾರದು ಎಂಬ ಬೋರ್ಡು ಹಾಕಬೇಡ ಎಂದೆ. ಅವಳು ಒಪ್ಪಿದಳು.

ಲಾರಿಗಳು ಹೊರಟ ದಿನ ಮೊದಲನೆಯದರಲ್ಲಿ ನಾನೂ ಕೂತೆ. ಉದ್ಘಾಟನೆಗೆ ಚಿಗವ್ವನ ಜಾಗದಲ್ಲಿ ನಾನೇ ನಿಲ್ಲಬೇಕೆಂದು ಮೃಣಾಲಿನಿಯ ಆಸೆ. ನನಗೂ ಆಸೆಯಿತ್ತು. ಬಲ್ಲವರು ತುಂಬಿದ ಆ ಹಾಲು, ಅವರ ಮುಖ, ಅವರು ಆ ನದಿಯ ಮುಂದೆ ನಿಂತು ಏನೆನ್ನುತ್ತಾರೆ ಎಂಬುದನ್ನು ಕಣ್ಣಾರೆ ನೋಡಿ, ಚಿಗವ್ವನಿಗಾಗಿ ನೋಡಿ, ಬರಬೇಕೆಂದು ಹೊಸ ಸೀರೆ ಉಟ್ಟಿದ್ದೆ. ಸೇತುವೆಯ ತನಕ ಸ್ಟೇಷನ್ ಮಾಸ್ತರನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬೆಚ್ಚಗಿದ್ದ. ಸೇತುವೆ ಬಂದಾಗ ಡ್ರೈವರನ ಭುಜ ತಟ್ಟಿ ನಿಲ್ಲಿಸಲು ಹೇಳಿದೆ. ಮಾಸ್ತರನನ್ನು ಮೃಣಾಲಿನಿಯ ಕೈಗೆ ಕೊಟ್ಟು ಇಳಿದೆ.

“ಯಾಕೆ ದಾಕ್ಷಾಯಣಮ್ಮ, ಒಂದೇ ದಿನದ ಮಾತು,” ಎಂದಳು. ಆಮೇಲೆ ನನ್ನ ಕೈ ಎಲ್ಲಿದೆಯೆಂದು ನೋಡಿ ಲಾರಿಯ ಬಾಗಿಲು ಎಳೆದುಕೊಂಡಳು. ನಾನು ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದೆ, ಬಿಸಿಲಿಗೆ ಸೆರಗು ಹೊದ್ದವರ ಹಾಗೆ. ಲಾರಿಗಳು ಒಂದರ ಹಿಂದೊಂದು ದಾಟಿಹೋದವು. ಆಚೆಪೇಟೆ ಆಚೆ ಹೋಯಿತು.

ಈಗ ಗೋದಾಮಿನ ಮಾಡು ಬಿದ್ದಿದೆ. ಅಪ್ಪನೂ ಇಲ್ಲ. ಮೃಣಾಲಿನಿ ಆಗಾಗ ಫೋನ್ ಮಾಡುತ್ತಾಳೆ. ದೂರದೂರದವರು ಬರುತ್ತಾರಂತೆ, ಮಕ್ಕಳು ಬಸ್ಸಿನ ಕಿಟಕಿಯೊಳಗೆ ಬೆರಳು ತೂರಿಸುತ್ತಾರಂತೆ, ಕಲಿಯುವ ಹುಡುಗಿಯರು ನದಿಯ ದಂಡೆಯಲ್ಲಿ ಕೂತು ಚಿಗವ್ವನ ಹೆಸರು ಬರೆದುಕೊಳ್ಳುತ್ತಾರಂತೆ. ಮೊನ್ನೆ ಇನ್ನೊಂದು ಹೇಳಿದಳು. ಸಂಜೆ ಬಾಗಿಲು ಹಾಕುವಾಗ ಗಿಲಕಿಯನ್ನು ಮುಟ್ಟಿ ನೋಡಿದಳಂತೆ, ಸ್ವಲ್ಪ ಬೆಚ್ಚಗಿತ್ತಂತೆ. ‘ದಿನವಿಡೀ ಅಷ್ಟು ಮಂದಿ ಮುಟ್ಟಿದ್ರ ಏನಾದ್ರೂ ಬೆಚ್ಚಗಾಗತೈತಿ ಬಿಡವಾ’ ಎಂದೆ. ಫೋನಿಟ್ಟ ಮೇಲೆ ಬಹಳ ಹೊತ್ತು ಅತ್ತೆ. ಹಗುರವಾಯಿತು.

ಹೋಗಿ ನೋಡುವ ಆಸೆ ಸತ್ತಿಲ್ಲ. ಮನಸ್ಸು ತಡೆಯದ ದಿನ ನಡೆಯುತ್ತ ಸೇತುವೆಯ ತನಕ ಹೋಗಿ, ಈಚೆ ಕಟ್ಟೆಯ ಮೇಲೆ ಕೂತು, ಆಚೆಯ ರಸ್ತೆ ನೋಡುತ್ತೇನೆ. ಶಹರದ ಬಸ್ಸು ಆ ಕಟ್ಟೆಯ ಹತ್ತಿರವೇ ನಿಲ್ಲುತ್ತದೆ. ಒಮ್ಮೆ ಹೊಸದಾಗಿ ಬಂದ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೇಳಿದ:

“ಅಮ್ಮಾರ, ಬರ್ತೀರೇನ್ರಿ?”

“ಇಲ್ಲಪಾ,” ಎಂದೆ. “ಜೊತೀಗೆ ಹಿರ್ಯಾರು ಅದಾರ. ಅವರಿಗೆ ಹಳ್ಳ ದಾಟಾಕ ಆಗೂದಿಲ್ಲ.”

ಅವನು ನನ್ನ ಎಡಬಲ ನೋಡಿದ, ಯಾರೂ ಕಾಣಲಿಲ್ಲ, ಸೀಟಿ ಊದಿದ.